ಮಿಡಿ ಉಪ್ಪಿನಕಾಯಿಯ ಭರಣಿ

ಕೋಳಿ ಸಾಕುವುದೆಂದರೆ ಅಂಗಳಕ್ಕೆ ನಾಲ್ಕು ಕಾಳು ಎಸೆದು ಕೈ ಕೊಡವಿಕೊಳ್ಳುವ ಕೆಲಸ ಎಂದು ಯಾರಾದರೂ ಹೇಳಿದರೆ, ಅವರು ಎರ್ನಾಕುಳಂನ ಮಳೆಗಾಲದಲ್ಲಿ ಕೋಳಿ ಸಾಕಿದವರಲ್ಲ ಎಂದೇ ತಿಳಿಯಬೇಕು. ಕುಸುಮಾವತಿ ಸಾಕಿದ್ದಳು. ಅವಳೋ, ದಾರಿಯಲ್ಲಿ ಮೊಟ್ಟೆಯ ಸಿಪ್ಪೆ ತುಳಿದರೆ ತಲೆಗೆ ನೀರು ಹೊಯ್ದುಕೊಂಡೇ ಒಳಗೆ ಬರಬೇಕಾದ ಮನೆಯಲ್ಲಿ ಹುಟ್ಟಿದವಳು. ಕುಂಬಳೆಯ ಹತ್ತಿರದ ಆ ಮನೆಯಲ್ಲಿ ಕೋಳಿಯ ಕೂಗು ಕೇಳಿಸುತ್ತಿದ್ದದ್ದು ಗದ್ದೆಯ ಆಚೆ ದಡದಿಂದ ಮಾತ್ರ.

ಕಾಸರಗೋಡು ಸೀಮೆ ಕೇರಳಕ್ಕೆ ಸೇರಿದ ಮೇಲೆ ಅಲ್ಲಿಯ ಕನ್ನಡ ಕಾಗದಪತ್ರಗಳೂ ಇತ್ತ ಬರತೊಡಗಿದವು. ಅವನ್ನು ಇಂಗ್ಲಿಷಿಗೆ ತಿರುಗಿಸುವವರು ಬೇಕಲ್ಲ, ಹಾಗೆ ಅವಳ ಗಂಡ ಯಜ್ಞನಾರಾಯಣನನ್ನು ಎರ್ನಾಕುಳಂನ ಒಂದು ಸರಕಾರಿ ಕಚೇರಿಗೆ ಹಾಕಿದರು. ಕಲೂರಿನಲ್ಲಿ, ಸುತ್ತ ಕೆಸರುಗದ್ದೆಯಿದ್ದ ಒಂದು ಹಂಚಿನ ಮನೆ ಬಾಡಿಗೆಗೆ ಸಿಕ್ಕಿತು. ಗಂಡ ಹೆಂಡತಿ ಇಬ್ಬರೇ. ವರ್ಷ ತುಂಬುವ ಮೊದಲೇ ಅವನಿಗೆ ಕೆಮ್ಮು ಹಿಡಿಯಿತು, ಆಮೇಲೆ ಕೆಮ್ಮಿನ ಜೊತೆ ರಕ್ತ. ತಿರುವನಂತಪುರದ ಕ್ಷಯದ ಆಸ್ಪತ್ರೆಯಲ್ಲಿ ಏಳು ತಿಂಗಳು ಮಲಗಿ, ಐವತ್ತೆಂಟರ ಮೇ ತಿಂಗಳಲ್ಲಿ ಮನೆಗೆ ಬಂದಾಗ ಅವನ ತೂಕ ತೊಂಬತ್ತೆರಡು ಪೌಂಡು. ಅಂಗಿಯನ್ನು ಗೂಟಕ್ಕೆ ತೂಗುಹಾಕಿದ ಹಾಗಿದ್ದ.

ಆಗಸ್ಟ್ ಹದಿನೆಂಟಕ್ಕೆ ತಿರುವನಂತಪುರದಲ್ಲೇ ಮೆಡಿಕಲ್ ಬೋರ್ಡಿನ ಮುಂದೆ ಹಾಜರಾಗಬೇಕಿತ್ತು. ಕಲೂರಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು: "ನೂರು ಪೌಂಡು ಆಗದಿದ್ದರೆ ಅವರು ಕೆಲಸಕ್ಕೆ ಅಯೋಗ್ಯ ಅಂತ ಬರೆದುಬಿಡ್ತಾರೆ. ದಿನಕ್ಕೆ ಎರಡು ಹಸಿ ಮೊಟ್ಟೆ, ಬಿಸಿ ಹಾಲಿನಲ್ಲಿ ಕದಡಿ ಕೊಡಿ. ಬ್ರಾಹ್ಮಣರು ಅಂತ ನನ್ನ ಹತ್ತಿರ ಹೇಳಬೇಡಿ, ಶ್ವಾಸಕೋಶಕ್ಕೆ ಜಾತಿ ಇಲ್ಲ."

ಅಯೋಗ್ಯ ಅಂತ ಬರೆದರೆ ಎಲ್ಲಿಗೆ ಹೋಗುವುದು? ಊರಿಗೆ ಹೋಗುವಂತಿರಲಿಲ್ಲ. ಭಾವ, ಗಂಡನ ಅಣ್ಣ, ಒಂದು ಕಾರ್ಡು ಹಾಕಿದ್ದರು: ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಪೂರ್ತಿ ಗುಣವಾದ ಮೇಲೆ ಬರಬಹುದು. ಕುಸುಮಾವತಿ ಆ ಕಾರ್ಡನ್ನು ಗಂಡನಿಗೆ ತೋರಿಸದೆ ಅಕ್ಕಿ ಡಬ್ಬದ ಅಡಿಯಲ್ಲಿಟ್ಟಳು. ಕಾರ್ಡು ಬಂದದ್ದು ಅವನಿಗೆ ಗೊತ್ತಿತ್ತು, ಅವನೂ ಕೇಳಲಿಲ್ಲ.

ಮೊಟ್ಟೆಯ ವಿಚಾರದಲ್ಲಿ ಅವನನ್ನು ಒಪ್ಪಿಸಲು ಎರಡು ದಿನ ಬೇಕಾಯಿತು. "ಔಷಧಕ್ಕೆ ದೋಷ ಇಲ್ಲ. ಶಾಸ್ತ್ರದಲ್ಲೇ ಉಂಟು," ಎಂದಳು. ಯಾವ ಶಾಸ್ತ್ರ ಎಂದು ಅವನು ಕೇಳಲಿಲ್ಲ. ಅವನು ಕೇಳಿದ್ದು ಬೇರೆಯೇ. "ನೀನು ನೋಡಬಾರದು. ನೀನು ಎದುರು ನಿಂತರೆ ನನ್ನ ಗಂಟಲಲ್ಲಿ ಇಳಿಯುದಿಲ್ಲ. ಲೋಟ ಇಟ್ಟು ಆಚೆ ಹೋಗು." ಅಷ್ಟೇ ತಾನೆ ಎಂದು ಅವಳು ಸಂತೋಷದಿಂದ ಒಪ್ಪಿದಳು.

ಅರ್ಧ ಸಂಬಳದ ರಜೆಯಲ್ಲಿ ದಿನಾ ಮೊಟ್ಟೆ ಕೊಳ್ಳುವುದು ಆಗುವ ಮಾತಲ್ಲ. ಬೇಲಿಯ ಆಚೆ ಮನೆಯ ರೋಸ ಚೇಡತ್ತಿ ದಾರಿ ತೋರಿಸಿದಳು. ಅಲ್ಲಿಯ ಕ್ರಿಸ್ತಾನರು ಅಕ್ಕನಿಗೆ ಚೇಡತ್ತಿ ಎನ್ನುತ್ತಾರೆ. ಅರುವತ್ತರ ಆಸುಪಾಸಿನ ಮುದುಕಿ, ಮೈಮೇಲೆ ಬಿಳಿ ಚಟ್ಟೆ ರವಿಕೆ, ಸೊಂಟಕ್ಕೆ ಮುಂಡು, ಕಿವಿಯಲ್ಲಿ ಬಳೆಯಂಥ ದೊಡ್ಡ ಓಲೆ. ನಾಲ್ಕು ಹೇಂಟೆಗಳನ್ನು ಕಾಲು ಕಟ್ಟಿ ತಂದು ಹಿತ್ತಿಲಲ್ಲಿ ಬಿಟ್ಟು, ಬಾವಿಕಟ್ಟೆಯ ಪಕ್ಕ ಹಲಗೆ ಬಡಿದು ಗೂಡೂ ಮಾಡಿಕೊಟ್ಟಳು. "ಮೋಳೆ, ಮೊಟ್ಟೆ ಇಡುವುದು ಕೋಳಿಯ ಕೆಲಸ. ಮಳೆ ಬರುವ ಮೊದಲು ತಿನಿಸು ಕೂಡಿಡುವುದು ನಿನ್ನ ಕೆಲಸ," ಎಂದು ಮಲಯಾಳದಲ್ಲಿ ಹೇಳಿದಳು. ಮೋಳೆ ಎಂದರೆ ಮಗಳೇ; ಕಾಸರಗೋಡಿನವಳಿಗೆ ಮಲಯಾಳ ತೊಡಕಾಗಲಿಲ್ಲ.

ಹಿತ್ತಿಲಲ್ಲಿ ಕೋಳಿ ಕಂಡದ್ದೇ ತಡ, ವಾರಕ್ಕೊಮ್ಮೆ ಕುಂಕುಮ ತೆಗೆದುಕೊಳ್ಳಲು ಬರುತ್ತಿದ್ದ ಚಂದ್ರಾವತಿ ಬರುವುದನ್ನು ಬಿಟ್ಟಳು. ಅವಳ ಗಂಡ ಬ್ಯಾಂಕಿನಲ್ಲಿದ್ದ, ಕನ್ನಡ ಮಾತಾಡಲು ಆ ಪೇಟೆಯಲ್ಲಿ ಇದ್ದದ್ದು ಆ ಒಂದೇ ಮನೆ. ರೋಗಕ್ಕೆ ಹೆದರದೆ ಬರುತ್ತಿದ್ದವಳು ಕೋಳಿಗೆ ಹೆದರಿದಳು ನೋಡಿ. ಕುಸುಮಾವತಿ ಎರಡು ವಾರ ಕುಂಕುಮದ ತಟ್ಟೆ ತೊಳೆದಿಟ್ಟು ಕಾದು, ಆಮೇಲೆ ಅದರಲ್ಲಿ ಕೋಳಿಗೆ ನುಚ್ಚು ಆರಿಸತೊಡಗಿದಳು.

ಮಳೆ ಹಿಡಿಯುವ ಮೊದಲು ಅವಳು ಕೂಡಿಟ್ಟದ್ದು ಇಷ್ಟು: ಎರಡು ಸೀಮೆಎಣ್ಣೆ ಡಬ್ಬದಲ್ಲಿ ತೌಡು, ಒಂದು ಮಣ್ಣಿನ ಹಂಡೆಯಲ್ಲಿ ನುಚ್ಚಕ್ಕಿ, ಗೋಣಿಯಲ್ಲಿ ತೆಂಗಿನ ಹಿಂಡಿ. ನುಚ್ಚಿಗೆ ಹುಳ ಹಿಡಿಯದಂತೆ ಊರಿನಲ್ಲಿ ಮಾಡುವ ಹಾಗೆ ಲಕ್ಕಿಸೊಪ್ಪು ಒಣಗಿಸಿ ಮಧ್ಯೆ ಹಾಸಿದಳು. ಎಲ್ಲ ಬಂದೋಬಸ್ತಾಯಿತು ಎಂದುಕೊಂಡಳು. ಜೂನ್ ಮಳೆ ಒಂದು ವಾರ ಹೊಯ್ದದ್ದೇ, ಬಂದೋಬಸ್ತು ಎಲ್ಲ ನೀರುಪಾಲು. ಗದ್ದೆಯ ನೀರು ಗೋಡೆ ಹತ್ತಿತು. ತೌಡು ಗಂಟುಗಂಟಾಗಿ ಹುಳಿ ವಾಸನೆ ಬಂತು. ಹಿಂಡಿಯ ಮೇಲೆ ಹಸಿರು ಬೂಷ್ಟು ಕೂತಿತು. ಅದನ್ನು ಹಾಕಬೇಡ, ಕೋಳಿ ಸತ್ತೀತು ಎಂದು ಚೇಡತ್ತಿ ಹೇಳಿದ ಮೇಲೆ ಗೋಣಿ ಸಮೇತ ತೋಡಿಗೆ ಎಸೆದಳು. ಅಕ್ಕಿಗೇ ತತ್ವಾರವಾಗಿದ್ದ ವರ್ಷ ಅದು, ರೇಶನ್ನಿನ ಸಾಲಿನಲ್ಲಿ ಜನ ಜಗಳವಾಡುತ್ತಿದ್ದರು, ತೌಡು ಬೇಕೆಂದಾಗ ಸಿಗುತ್ತಿರಲಿಲ್ಲ. ಹಾಗಾಗಿ ಉಳಿದ ತೌಡನ್ನು ದಿನಾ ಒಲೆಯ ಕೆಂಡದ ಮೇಲೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಡಬ್ಬಕ್ಕೆ ತುಂಬಿದಳು. ಗಂಡನ ಗಂಜಿ, ಕೋಳಿಯ ತೌಡು, ಒಂದೇ ಒಲೆ. ಅಡುಗೆಮನೆ ಹೀಗೆ ಮೈಲಿಗೆಯಾದದ್ದನ್ನು ನೋಡಿದ್ದರೆ ಅವಳ ಅತ್ತೆ ಏನನ್ನುತ್ತಿದ್ದರೋ.

ಮೊದಲ ಮೂರು ವಾರ ಮೊಟ್ಟೆಗೆ ಕೊರತೆಯಾಗಲಿಲ್ಲ. ಬೆಳಿಗ್ಗೆ ಏಳಕ್ಕೆ ಲೋಟ ತುಂಬಿ, ಹಿತ್ತಿಲ ಕಡೆಯ ಕಿಟಕಿಯ ಪಕ್ಕ ಮಲಗಿದ್ದ ಗಂಡನ ಕೈಗೆ ಕೊಟ್ಟು ಅವಳು ಹೊರಗೆ ಹೋಗುವಳು. ಹಿಂದೆ ಬಂದಾಗ ಲೋಟ ಖಾಲಿ. ಆ ಖಾಲಿ ಲೋಟ ನೋಡುವುದೇ ಅವಳ ದಿನದ ದೊಡ್ಡ ಸಂತೋಷ. ಜೂನ್ ಮಧ್ಯದಲ್ಲಿ ತೂಕ ನೋಡಿಸಿದರೆ ಅದೇ ತೊಂಬತ್ತೆರಡು. ಮೊದಲು ಇಳಿಯುವುದು ನಿಲ್ಲಬೇಕಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅಷ್ಟರಲ್ಲಿ ಮೊಟ್ಟೆ ಕಡಿಮೆಯಾಯಿತು. ಮೂರಿದ್ದದ್ದು ಎರಡು, ಎರಡಿದ್ದದ್ದು ಒಂದು. ಗೂಡಿನ ಹುಲ್ಲಿನಲ್ಲಿ ಒದ್ದೆ ಅಂಟು, ಸಿಪ್ಪೆಯ ಚೂರು. ಕೆಂದ ಹೇಂಟೆಯ ಕೊಕ್ಕಿನಲ್ಲಿ ಹಳದಿ ಒಣಗಿತ್ತು. ಚೇಡತ್ತಿ ಬಂದು ನೋಡಿ ನೆಲದ ಮೇಲೇ ಕುಕ್ಕರಿಸಿದಳು.

"ತಮ್ಮ ಮೊಟ್ಟೆ ತಾವೇ ತಿನ್ನಲು ಕಲಿತಿವೆ, ಮೋಳೆ. ಮೈಯಲ್ಲಿ ಸತ್ವ ಇಲ್ಲದಿದ್ದರೆ ಹೀಗೆ ಮಾಡುತ್ತವೆ. ಕಪ್ಪೆಚಿಪ್ಪು ಹಾಕಿದ್ದೀಯಾ?"

"ಇಲ್ಲ."

"ಒಣಮೀನು?"

ಕುಸುಮಾವತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಬರೀ ತೌಡು ತಿಂದು ಮೊಟ್ಟೆ ಇಡಲಿಕ್ಕೆ ಅವೇನು ನಿನ್ನ ಹಾಗೆ ಎಂಬ್ರಾಂದಿರಿಗಳಾ?" ಎಂದಳು ಚೇಡತ್ತಿ. ತುಳುನಾಡಿನ ಕಡೆಯ ಬ್ರಾಹ್ಮಣರಿಗೆ ಅಲ್ಲಿಯವರು ಹೇಳುವ ಹೆಸರು ಅದು. ಹೇಳಿದ್ದು ತಮಾಷೆಗೆ. ಕೇಳಿದವಳಿಗೆ ನಗು ಬರಲಿಲ್ಲ.

ಚಿಪ್ಪಿಗೆ ಅವಳು ಹೇಗೋ ಮನಸ್ಸು ಒಗ್ಗಿಸಿಕೊಂಡಳು. ಎಲೆಅಡಿಕೆಗೆ ಹಚ್ಚುವ ಸುಣ್ಣವೂ ಅದೇ ಚಿಪ್ಪಿನದಲ್ಲವೇ, ಮಾವನವರು ದಿನಕ್ಕೆ ಹತ್ತು ಸಲ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲವೇ? ಆದರೆ ಒಣಮೀನಿಗೆ ಇಂಥ ಯಾವ ಸಬೂಬೂ ಇರಲಿಲ್ಲ. ಮೂರು ದಿನ ತಡೆದಳು. ನಾಲ್ಕನೆಯ ದಿನ ಗೂಡಿನಲ್ಲಿ ಒಂದೂ ಮೊಟ್ಟೆ ಇರಲಿಲ್ಲ. ಹಾಲಿಗೆ ಸಕ್ಕರೆ ಮಾತ್ರ ಹಾಕಿ ಕೊಟ್ಟು, ಬೇಲಿಯ ಹತ್ತಿರ ನಿಂತು, "ಚೇಡತ್ತಿ, ನೀವೇ ತಂದುಕೊಡಿ. ನಾನು ಸಂತೆಗೆ ಬರುವುದಿಲ್ಲ," ಎಂದಳು.

ಉಪ್ಪು ಹಾಕದೆ ಒಣಗಿಸಿದ ಸಣ್ಣ ನೆತ್ತೋಲಿ ಮೀನು ಒಂದು ಗಂಟು ಬಂತು. ಗಂಟನ್ನು ಅವಳು ಕೋಲಿನಿಂದ ಎತ್ತಿ ಗೂಡಿನ ಮೇಲೆ ಕಟ್ಟಿದಳು. ಬೆಳಗಾಗುವಾಗ ಬೆಕ್ಕುಗಳು ಹರಿದು ತಿಂದು, ಉಳಿದದ್ದು ಮಳೆಗೆ ಕೊಳೆತಿತ್ತು. ಎರಡನೆಯ ಗಂಟನ್ನು ತಗಡಿನ ಡಬ್ಬಕ್ಕೆ ಹಾಕಿದಳು. ಎಂಟು ದಿನದಲ್ಲಿ ತುಕ್ಕು ತೂತಾಗಿ ಇರುವೆ ಹೊಕ್ಕಿತು, ಬಿಳಿ ಹುಳ ಎದ್ದಿತು. ಮಳೆಗಾಲದಲ್ಲಿ ಮೀನು ಒಣಗಿಸುವವರಿಲ್ಲ. ಸಂತೆಯಲ್ಲಿ ಇದ್ದದ್ದೂ ಮುಗಿಯುತ್ತ ಬಂದಿತ್ತು. "ಇನ್ನು ಒಂದು ಸಲ ತಂದುಕೊಡಬಲ್ಲೆ, ಅಷ್ಟೇ. ಆಗಸ್ಟ್‌ವರೆಗೆ ಅದನ್ನೇ ಕಾಪಾಡಿಕೋ," ಎಂದಳು ಚೇಡತ್ತಿ. "ಭರಣಿ ಇಲ್ಲವಾ ನಿನ್ನ ಮನೆಯಲ್ಲಿ?"

ಇತ್ತು. ಒಂದೇ ಒಂದು.

ಮೊಣಕಾಲೆತ್ತರದ ಪಿಂಗಾಣಿ ಭರಣಿ, ಕೊರಳು ಕಂದು, ಹೊಟ್ಟೆ ಬಿಳಿ. ಅತ್ತೆ ಮಿಡಿ ಉಪ್ಪಿನಕಾಯಿ ಹಾಕಿ, ಬಾಯಿಗೆ ಬಟ್ಟೆ ಬಿಗಿದು, ಮೂರು ಬಾರಿ ರೈಲು ಬದಲಿಸುವವರ ಕೈಯಲ್ಲಿ ಕಳಿಸಿದ್ದರು. ಮೈಲಿಗೆಯ ಕೈಯಲ್ಲಿ ಅದನ್ನು ಮುಟ್ಟುವಂತಿಲ್ಲ, ಸ್ನಾನ ಮಾಡಿ ಒದ್ದೆ ಕೂದಲಲ್ಲೇ ತೆಗೆಯಬೇಕು, ಒಣ ಸೌಟು ಹಾಕಬೇಕು. ಬೋರ್ಡು, ತೂಕ, ಮೊಟ್ಟೆ ಎಲ್ಲ ಒಂದು ಕಡೆಯಾದರೆ ಈ ಉಪ್ಪಿನಕಾಯಿ ಇನ್ನೊಂದು ಕಡೆ. ಯಾಕೆಂದರೆ ಯಜ್ಞನಾರಾಯಣನ ಗಂಟಲಲ್ಲಿ ಗಂಜಿ ಇಳಿಯುತ್ತಿದ್ದದ್ದು ಅದರ ಒಂದು ಮಿಡಿಯನ್ನು ಕಚ್ಚಿದರೆ ಮಾತ್ರ. ಆದರೂ ಕುಸುಮಾವತಿ ಉಪ್ಪಿನಕಾಯಿಯನ್ನು ಹಾರ್ಲಿಕ್ಸ್ ಬಾಟಲಿಗಳಿಗೆ ತುಂಬಿಸಿದಳು, ಭರಣಿ ತೊಳೆದು ಒಲೆಯ ಪಕ್ಕ ಒಣಗಿಸಿದಳು, ಮೀನು ಸುರಿದಳು, ಬಾಯಿಗೆ ಅದೇ ಬಟ್ಟೆ ಬಿಗಿದಳು. ಆಮೇಲೆ ಬಾವಿಕಟ್ಟೆಗೆ ಹೋಗಿ ಹನ್ನೆರಡು ಕೊಡ ನೀರು ತಲೆಗೆ ಹೊಯ್ದುಕೊಂಡಳು. ಸುರಿಯುತ್ತಿದ್ದ ಮಳೆಯಲ್ಲಿ ಅಳುವುದು ಸುಲಭವಾಯಿತು.

ಭರಣಿಯೊಳಗೆ ಮೀನು ಗರಿಗರಿಯಾಗಿಯೇ ಉಳಿಯಿತು. ಬಾಟಲಿಗಳಲ್ಲಿ ಉಪ್ಪಿನಕಾಯಿಗೆ ಹತ್ತೇ ದಿನದಲ್ಲಿ ಬಿಳಿ ಪೊರೆ ಬಂತು. ಮಿಡಿಗಳು ಮೆತ್ತಗಾಗಿ ನಾರಿದವು, ಬಾಳೆಯ ಬುಡಕ್ಕೆ ಹೂಳಿದಳು. "ಒಂದು ಮಿಡಿ ಕೊಡು," ಎಂದು ಅವನು ಕೇಳಿದಾಗ, "ಮುಗಿಯಿತು," ಎಂದಳು.

"ಅರ್ಧ ಭರಣಿ ಇತ್ತಲ್ಲ."

"ಮುಗಿಯಿತು ಅಂದೆ ಅಲ್ಲವಾ."

ಅವನ ಬಟ್ಟಲಲ್ಲಿ ಗಂಜಿ ಅರ್ಧ ಉಳಿಯಿತು.

ಜುಲೈ ಮಧ್ಯದಲ್ಲಿ ತೂಕ ತೊಂಬತ್ತೊಂದು. ಕಾಂಪೌಂಡರ್ ಎರಡು ಸಲ ಕಲ್ಲು ಸರಿಸಿ ನೋಡಿದ. ಕುಸುಮಾವತಿ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಮೀನು ತಿಂದು ಕೋಳಿಗಳ ಪುಕ್ಕ ಮಿರುಗುತ್ತಿದೆ, ಮೊಟ್ಟೆ ಮತ್ತೆ ದಿನಕ್ಕೆ ಎರಡು ಸಿಗುತ್ತಿದೆ, ಎರಡೂ ಅವನ ಲೋಟಕ್ಕೇ ಹೋಗುತ್ತಿವೆ. ಆದರೂ ಇಳಿಯುತ್ತಿದ್ದಾನೆ. ಹಾಗಾದರೆ ರೋಗ ಒಳಗೆ ತಿನ್ನುತ್ತಿದೆ, ಮತ್ತೇನು. ದೇವರಿಗೆ ಕೈ ಮುಗಿಯಲು ಹೋದರೆ ಕೈಗೆ ಮೀನಿನ ವಾಸನೆ. ಯಾವ ಮುಖ ಇಟ್ಟುಕೊಂಡು ಬೇಡುವುದು? ದೀಪ ಹಚ್ಚಿ ಸುಮ್ಮನೆ ಹೊರಗೆ ಬಂದಳು.

ಬೋರ್ಡಿಗೆ ಇನ್ನು ಇಪ್ಪತ್ತೆರಡು ದಿನ ಇತ್ತು. ಆ ಬೆಳಿಗ್ಗೆ ತೌಡು ಬಂದಿದೆ ಎಂಬ ಸುದ್ದಿ ಕೇಳಿ, ಲೋಟವನ್ನು ಅವನ ಕೈಗಿತ್ತು ಹೊರಟವಳಿಗೆ ದಾರಿಯಲ್ಲಿ ಚೀಲ ಮರೆತದ್ದು ನೆನಪಾಯಿತು. ಮುಂಬಾಗಿಲ ಅಂಗಳ ಕೆಸರಾಗಿತ್ತೆಂದು ಹಿತ್ತಿಲ ಕಡೆಯಿಂದ ಬಂದಳು. ನಾಲ್ಕೂ ಕೋಳಿಗಳು ಮಳೆಯಲ್ಲಿ ನೆನೆಯುತ್ತ ಗಂಡನ ಕಿಟಕಿಯ ಕೆಳಗೆ ಕೊರಳೆತ್ತಿ ನಿಂತಿದ್ದವು. ದಿನಾ ಈ ಹೊತ್ತಿಗೆ ಅಲ್ಲೇ ಸೇರುತ್ತಿದ್ದವು. ಮಾಡಿನ ಅಂಚಿಗೆ ಮಳೆ ತಪ್ಪಿಸಿಕೊಳ್ಳಲು ನಿಲ್ಲುತ್ತವೆ ಎಂದೇ ಅವಳು ತಿಳಿದಿದ್ದಳು.

ಕಿಟಕಿಯ ಬಾಗಿಲು ಒಂದು ಚೂರು ತೆರೆಯಿತು. ಸಣಕಲು ಕೈಯೊಂದು ಹೊರಗೆ ಬಂದು ಲೋಟವನ್ನು ಬಗ್ಗಿಸಿತು. ಹಳದಿ ಹಾಲು ಗೋಡೆಯ ಬುಡಕ್ಕೆ ಬಿತ್ತು, ಕೋಳಿಗಳು ಒಂದರ ಮೇಲೊಂದು ಬಿದ್ದು ಕುಕ್ಕಿದವು.

ಕೊಡೆ ಕೈಯಲ್ಲಿದ್ದರೂ ಅವಳು ನೆನೆಯುತ್ತ ನಿಂತಳು. ಕೆಂದ ಹೇಂಟೆಯ ಕೊಕ್ಕಿನ ಹಳದಿ, ಗೂಡಿನ ಸಿಪ್ಪೆ, ಹನ್ನೆರಡು ಕೊಡ ನೀರು, ಬಾಳೆಯ ಬುಡದ ಮಿಡಿಗಳು, ಎಲ್ಲವೂ ಒಟ್ಟಿಗೆ ನೆನಪಿಗೆ ಬಂದವು. ಕೋಳಿಗಳಿಗೆ ಮೊಟ್ಟೆಯ ರುಚಿ ಹತ್ತಿಸಿದವನು ತನ್ನ ಗಂಡ. ಅವುಗಳ ಚಟ ಬಿಡಿಸಲು ತಾನು ಜಾತಿ ಕಳೆದುಕೊಂಡದ್ದು.

ಒಳಗೆ ಹೋದಳು. ಸೀರೆಯಿಂದ ನೀರು ನೆಲಕ್ಕೆ ಇಳಿಯುತ್ತಿತ್ತು. ಅವನು ಖಾಲಿ ಲೋಟವನ್ನು ಎದೆಯ ಮೇಲಿಟ್ಟುಕೊಂಡು ಕೂತಿದ್ದ.

"ಎಷ್ಟು ದಿನದಿಂದ?"

ಅವನು ತಲೆ ತಗ್ಗಿಸಿದ. "ಮೊದಲ ನಾಲ್ಕು ದಿನ ಕುಡಿದೆ. ಮತ್ತೆ ವಾಂತಿ ಬರ್ಲಿಕ್ಕೆ ಸುರು ಆಯ್ತು. ನಿನಗೆ ಹೇಳ್ವ ಅಂದ್ರೆ, ನೀನು ಆ ಗೂಡು ಬಾಚುದು, ತೌಡು ಹುರಿಯುದು ನೋಡಿ ಬಾಯಿ ಬರ್ಲಿಲ್ಲ. ನಾಳೆ ಕುಡಿತೇನೆ, ನಾಳೆ ಕುಡಿತೇನೆ ಅಂತ ಹೋಯ್ತು."

"ಭರಣಿಯಲ್ಲಿ ಎಂತ ಉಂಟು ಅಂತ ಗೊತ್ತುಂಟಾ ನಿಮಗೆ?"

"ಗೊತ್ತುಂಟು. ವಾಸನೆ ಬರುದಿಲ್ಲವಾ. ಅದು ಗೊತ್ತಾದ ಮೇಲೆ ಹೇಳುದು ಇನ್ನೂ ಕಷ್ಟ ಆಯ್ತು."

ಅವಳಿಗೆ ಸಿಟ್ಟು ನೆತ್ತಿಗೇರಿತು. ಇಂಥ ಸಿಟ್ಟು ತನ್ನೊಳಗೆ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಅಕ್ಕಿ ಡಬ್ಬದ ಅಡಿಯಿಂದ ಭಾವನ ಕಾರ್ಡು ತೆಗೆದು ಅವನ ತೊಡೆಯ ಮೇಲೆ ಎಸೆದಳು. "ಓದಿ. ಅಲ್ಲಿ ನಮಗೆ ಜಾಗ ಇಲ್ಲ. ನೀವು ಸತ್ತರೆ ನನಗೂ ಇಲ್ಲ." ಎಂದವಳು ಹಿತ್ತಿಲಿಗೆ ನಡೆದಳು. ಗೂಡಿನೊಳಗೆ ಕೈ ಹಾಕಿದಳು. ಆ ಬೆಳಿಗ್ಗೆ ಇಟ್ಟ ಎರಡು ಮೊಟ್ಟೆಗಳಿದ್ದವು, ಇನ್ನೂ ಬೆಚ್ಚಗಿದ್ದವು.

ಅವನ ಎದುರಿಗೆ ಬಂದು ನಿಂತು, ಒಂದನ್ನು ಕಿಟಕಿಯ ಸರಳಿಗೆ ತಟ್ಟಿ, ತಲೆ ಹಿಂದಕ್ಕೆ ಮಾಡಿ, ತನ್ನ ಬಾಯಿಗೆ ಹೊಯ್ದುಕೊಂಡಳು.

ಲೋಳೆ ಗಂಟಲಿನಲ್ಲಿ ನಿಂತಿತು. ಕರುಳು ಕಿತ್ತು ಬರುವಂತೆ ಓಕರಿಕೆ ಬಂತು. ಸೆರಗನ್ನು ಬಾಯಿಗೆ ಒತ್ತಿ, ಗೋಡೆಗೆ ಹಣೆ ಆನಿಸಿ ನುಂಗಿದಳು. ಒಂದು ಮಿಡಿ ಇದ್ದಿದ್ದರೆ ನಾಲಿಗೆಗೆ ಇಟ್ಟುಕೊಳ್ಳಬಹುದಿತ್ತು ಎಂದು ಆ ಹೊತ್ತಿನಲ್ಲೂ ಅನಿಸಿತು.

"ನಿನಗೆಂತಕ್ಕೆ ಅದು," ಎಂದ ಅವನು. "ನಿನಗೆ ರೋಗ ಇಲ್ಲ. ನಿನಗೆ ಔಷಧ ಅಂತ ಹೇಳ್ಲಿಕ್ಕೆ ಆಗುದಿಲ್ಲ."

"ಆಗುದಿಲ್ಲ. ಗೊತ್ತುಂಟು." ಇನ್ನೊಂದು ಮೊಟ್ಟೆಯನ್ನು ಅವನ ಲೋಟಕ್ಕೆ ಒಡೆದು ಹಾಕಿದಳು. "ನಾನು ಎದುರೇ ನಿಲ್ತೇನೆ. ವಾಂತಿ ಬಂದರೆ ಬರಲಿ, ಮತ್ತೊಂದು ತರ್ತೇನೆ. ಈಗ ಕುಡೀರಿ."

ಅವನು ಕುಡಿದ. ಎರಡು ಸಲ ಓಕರಿಸಿದ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು, ಮೂಳೆಗಳು ಒಂದೊಂದೇ ಕೈಗೆ ತಾಗುತ್ತಿದ್ದವು.

ಮರುದಿನದಿಂದ ಇದೇ ಕ್ರಮ. ಮೊದಲು ಅವಳು ಒಂದು ಗುಟುಕು, ಆಮೇಲೆ ಉಳಿದದ್ದೆಲ್ಲ ಅವನು. ಕೋಳಿಗಳ ಚಟ ಸುಲಭಕ್ಕೆ ಬಿಡಲಿಲ್ಲ, ಮೊಟ್ಟೆ ಇಡುವ ಹೊತ್ತಿಗೆ ಅವಳು ಗೂಡಿನ ಬಾಯಲ್ಲಿ ಗೋಣಿ ಹೊದ್ದು ಕೂತು, ಬಿದ್ದ ಕೂಡಲೇ ಕಸಿದುಕೊಳ್ಳಬೇಕಾಗುತ್ತಿತ್ತು. ಕೆಂದ ಹೇಂಟೆಯನ್ನು ಚೇಡತ್ತಿಗೇ ಹಿಂದೆ ಕೊಟ್ಟಳು. ಮೀನನ್ನು ದಿನಕ್ಕೆ ಒಂದು ಹಿಡಿಯಂತೆ ಕುಟ್ಟಿ ತೌಡಿಗೆ ಬೆರೆಸಿದಳು. ಕೋಲಿನಿಂದಲ್ಲ, ಕೈಯಿಂದಲೇ.

ಆಗಸ್ಟ್ ಹದಿನೇಳರಂದು ಹೊಸದಾಗಿ ಬಿದ್ದ ಕೊಟ್ಟಾಯಂ ದಾರಿಯ ರೈಲಿನಲ್ಲಿ ತಿರುವನಂತಪುರಕ್ಕೆ ಹೋದರು. ಬೋರ್ಡಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತ ಕುಸುಮಾವತಿಗೆ ತಕ್ಕಡಿಯ ಕಲ್ಲು ಸರಿಸುವ ಸದ್ದು ಕೇಳಿಸುತ್ತಿತ್ತು. ತೊಂಬತ್ತೆಂಟು. ನೂರಕ್ಕೆ ಎರಡು ಕಡಿಮೆ. ಹಿರಿಯ ಡಾಕ್ಟರು ಹಿಂದಿನ ಚೀಟಿಗಳನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ನೋಡಿದರಂತೆ. ಒಂದು ತಿಂಗಳಲ್ಲಿ ಏಳು ಪೌಂಡು ಏರಿದವನನ್ನು ಅಯೋಗ್ಯ ಅಂತ ಬರೆಯಲು ಅವರಿಗೆ ಮನಸ್ಸಾಗಲಿಲ್ಲ, ಕೆಲಸಕ್ಕೆ ಯೋಗ್ಯ ಅಂತ ಬರೆಯುವ ಹಾಗೂ ಇರಲಿಲ್ಲ. ಆರು ತಿಂಗಳು ರಜೆ ಮುಂದುವರಿಸಿ, ಫೆಬ್ರವರಿಯಲ್ಲಿ ಮತ್ತೆ ಬನ್ನಿ ಎಂದರು. ಹೊರಗೆ ಬಂದ ಯಜ್ಞನಾರಾಯಣ ಬೆಂಚಿನ ಮೇಲೆ ಅವಳ ಪಕ್ಕ ಕೂತು, "ಇನ್ನೂ ಆರು ತಿಂಗಳು ಕುಡಿಬೇಕು," ಎಂದ. "ಹೂಂ," ಎಂದಳು ಅವಳು. "ಇಬ್ಬರೂ."

ಮನೆಗೆ ಬಂದು ಮುಟ್ಟಿದಾಗ ಸಂಜೆಯಾಗಿತ್ತು. ಅವನನ್ನು ಮಲಗಿಸಿ ಅಡುಗೆಮನೆಗೆ ಹೋದವಳು ಮೊದಲು ಭರಣಿಯ ಬಾಯಿಯ ಬಟ್ಟೆ ಬಿಚ್ಚಿ ಒಳಗೆ ಕೈ ಹಾಕಿ ನೋಡಿದಳು. ತಳದಲ್ಲಿ ಎರಡು ಹಿಡಿ ಉಳಿದಿತ್ತು. ಮಳೆ ಹಿಂದಾಗಿ ಸಂತೆಗೆ ಒಣಮೀನು ಮತ್ತೆ ಬರತೊಡಗಿತ್ತು. ಬಟ್ಟೆಯನ್ನು ಮತ್ತೆ ಬಿಗಿದು, ಬೇಲಿಯ ಹತ್ತಿರ ಹೋಗಿ ಕರೆದಳು.

"ಚೇಡತ್ತಿ, ನಾಳೆ ನೀವು ಸಂತೆಗೆ ಹೋಗುವಾಗ ನನ್ನನ್ನೂ ಕರೆಯಿರಿ. ಮೀನು ನಾನೇ ಆರಿಸಿಕೊಳ್ತೇನೆ."